ಓದುಗರ ಪ್ರಶ್ನೆಗಳು: ಮೊದಲ ಗೇಮಿಂಗ್ ಕಂಪ್ಯೂಟರಿಗೆ ಯಾವ ಮದರ್‌ಬೋರ್ಡ್, ಯಾವ ಎಸ್‌ಎಸ್‌ಡಿ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಈ ಸಲದ ಅಡಿಕೆ ಮಾರಿದ ಮೇಲೆ ಗೇಮಿಂಗ್ ಕಂಪ್ಯೂಟರಿಗೆಂದು ಎಂಬತ್ತು ಸಾವಿರ ರೂಪಾಯಿ ಕೊಡಲು ಅಪ್ಪ ಒಪ್ಪಿದ್ದಾರೆ. ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಎಕ್ಸ್870 ಎಂಬ ದುಬಾರಿ ಮದರ್‌ಬೋರ್ಡನ್ನೂ ಸೆಕೆಂಡಿಗೆ 14,000 ಎಂಬಿ ಓದುವ ಐದನೇ ತಲೆಮಾರಿನ ಎಸ್‌ಎಸ್‌ಡಿಯನ್ನೂ ಹಾಕಿಸಿಕೊಂಡರೆ ಹತ್ತು ವರ್ಷ ಚಿಂತೆಯಿಲ್ಲ ಎಂದರು. ಅವೆರಡನ್ನು ಕೊಂಡರೆ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ಹಣ ಉಳಿಯುವುದಿಲ್ಲ. ಏನು ಮಾಡಲಿ?
– ಓದುಗ, ತೀರ್ಥಹಳ್ಳಿ

ಉತ್ತರ: ಗ್ರಾಫಿಕ್ಸ್ ಕಾರ್ಡಿಗೆಂದು ಎತ್ತಿಟ್ಟ ಹಣಕ್ಕೆ ದಯವಿಟ್ಟು ಕೈ ಹಚ್ಚಬೇಡಿ. ಆಟ ತೆರೆಯ ಮೇಲೆ ಎಷ್ಟು ಸರಾಗವಾಗಿ ಓಡುತ್ತದೆ ಎಂಬುದನ್ನು ಮೊದಲು ನಿರ್ಧರಿಸುವುದು ಆ ಕಾರ್ಡು, ಅದರ ನಂತರ ಪ್ರೊಸೆಸರ್. ಒಂದೇ ಪ್ರೊಸೆಸರನ್ನು ಸಾಧಾರಣ ಬೋರ್ಡಿನ ಮೇಲೂ ಅದರ ಎರಡು ಪಟ್ಟು ಬೆಲೆಯ ಬೋರ್ಡಿನ ಮೇಲೂ ಕೂರಿಸಿ ನೋಡಿದರೆ, ಎರಡೂ ಅದಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಬಿಸಿಯಾಗದೆ ಒದಗಿಸುವವಾಗಿದ್ದರೆ, ಆಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ. ಆದರೆ ಮುಂದಿನ ಐದಾರು ವರ್ಷ ಈ ಯಂತ್ರಕ್ಕೆ ಏನೇನು ಸೇರಿಸಬಹುದು, ಏನು ಸಾಧ್ಯವಿಲ್ಲ ಎಂದು ಗೆರೆ ಎಳೆಯುವುದು ಬೋರ್ಡೇ ಆದ್ದರಿಂದ, ಅದನ್ನು ಆರಿಸುವಾಗ ಬೆಲೆಯ ಚೀಟಿಗಿಂತ ಮೊದಲು ಪ್ರೊಸೆಸರ್ ಕೂರುವ ಸಾಕೆಟ್ಟನ್ನೂ ಉಳಿದ ಭಾಗಗಳನ್ನು ಸೇರಿಸುವ ಸ್ಲಾಟುಗಳನ್ನೂ ನೋಡಬೇಕು.

ಸಾಕೆಟ್ ವಿಷಯದಲ್ಲಿ ನನ್ನ ಆಯ್ಕೆ ಎಎಂಡಿಯ ಎಎಂ5. ಇದಕ್ಕೆ ಹಿಂದಿನ ಎಎಂ4ರ ಇತಿಹಾಸವೇ ಕಾರಣ: 2017ರಲ್ಲಿ ಎಎಂಡಿಯ ಮೊದಲ ರೈಜನ್ ಪ್ರೊಸೆಸರ್ ಜೊತೆ ಬೋರ್ಡ್ ಕೊಂಡವರಲ್ಲಿ ಅನೇಕರು ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಕೊಂಡು, 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯನ್ನು ಅದೇ ಬೋರ್ಡಿನ ಮೇಲೆ ಕೂರಿಸಿದರು. ಎಎಂ5 ಬಂದದ್ದು 2022ರ ಸೆಪ್ಟೆಂಬರಿನಲ್ಲಿ. 2027ರವರೆಗೆ ಮತ್ತು ಅದರಾಚೆಗೂ ಇದನ್ನು ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13 ಮತ್ತು 14ನೇ ತಲೆಮಾರಿನ ಪ್ರೊಸೆಸರುಗಳನ್ನು ನಡೆಸಿತು, 2024ರ ಅಕ್ಟೋಬರಿನಲ್ಲಿ ಅದರ ಜಾಗಕ್ಕೆ ಎಲ್‌ಜಿಎ 1851 ಬಂತು. ಹಳೆಯ ಡಿಡಿಆರ್4 ರ್‍ಯಾಮ್ ಕೈಯಲ್ಲಿದ್ದವರಿಗೆ ಎಲ್‌ಜಿಎ 1700ರ ಕೆಲವು ಬೋರ್ಡುಗಳು ಇಂದಿಗೂ ಅನುಕೂಲವೇ. ಎಎಂ5ಗಾದರೋ ಡಿಡಿಆರ್5 ಕಡ್ಡಾಯ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಬಹಳ ಏರಿರುವುದರಿಂದ, ನಿಮ್ಮ ಎಂಬತ್ತು ಸಾವಿರದಲ್ಲಿ ದುಬಾರಿ ಬೋರ್ಡಿಗೆ ಜಾಗವೇ ಇಲ್ಲ.

ಬಿ650 ಅಥವಾ ಬಿ850 ಚಿಪ್‌ಸೆಟ್ಟಿನ (ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಬೆಸೆಯುವ ಚಿಪ್), 244 ಮಿ.ಮೀ. ಚೌಕದ ಮೈಕ್ರೋ ಎಟಿಎಕ್ಸ್ ಬೋರ್ಡ್ ನಿಮಗೆ ಧಾರಾಳವಾಗಿ ಸಾಕು. ಬಿ840 ಎಂಬ ಹೆಸರು ಕಂಡರೆ ಮಾತ್ರ ನಿಂತು ಯೋಚಿಸಿ. ಅದು ಬಿ850ರ ತಮ್ಮನಂತೆ ಕಂಡರೂ ಚಿಪ್‌ಸೆಟ್ಟಿನಿಂದ ಹೊರಡುವ ಅದರ ದಾರಿಗಳು (ಮಾಹಿತಿ ಓಡಾಡುವ ಹಾದಿಗಳು) ಪಿಸಿಐಇ 3.0, ಅಂದರೆ ಮೂರನೇ ತಲೆಮಾರಿನ ಮಟ್ಟದವು, ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗ್ ಕೂಡ ಅದರಲ್ಲಿಲ್ಲ. ಪ್ರೊಸೆಸರಿನ ಎಡಕ್ಕೂ ಮೇಲಕ್ಕೂ ಸಾಲಾಗಿ ನಿಂತ ವಿದ್ಯುತ್ ಭಾಗಗಳ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಇದೆಯೇ ಎಂದು ಖಂಡಿತ ನೋಡಿ. 65 ವಾಟಿನ ರೈಜನ್ 5 7600ಕ್ಕೆ ಅದು ಅನಿವಾರ್ಯವಲ್ಲದಿದ್ದರೂ, ಮುಂದೊಂದು ದಿನ ಎಂಟು ಕೋರಿನ ಪ್ರೊಸೆಸರ್ ಹಾಕಿದಾಗ ಬೇಕಾಗುತ್ತದೆ.

ಇನ್ನು, ಮೊದಲ ಸಲ ಕೊಳ್ಳುವವರು ಹೆಚ್ಚಾಗಿ ಎಡವುವ ಜಾಗಕ್ಕೆ ಬರುತ್ತೇನೆ. ಡಬ್ಬಿಯ ಮೇಲೆ ಮೂರು ಎಂ.2 ಸ್ಲಾಟು (ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ), ನಾಲ್ಕು ಸಾಟಾ ಪೋರ್ಟು (ತಂತಿಯಿಂದ ಡಿಸ್ಕ್ ಜೋಡಿಸುವ ಜಾಗ) ಎಂದು ಬರೆದಿದ್ದರೆ, ಏಳನ್ನೂ ಒಟ್ಟಿಗೆ ಬಳಸಬಹುದು ಎಂದು ಅದರ ಅರ್ಥವಲ್ಲ. ಎಎಂ5 ಪ್ರೊಸೆಸರಿನಿಂದ ಹೊರಡುವ ಪಿಸಿಐಇ ದಾರಿಗಳು ಒಟ್ಟು 28. ಅವುಗಳಲ್ಲಿ 16 ಗ್ರಾಫಿಕ್ಸ್ ಕಾರ್ಡಿಗೆ, 4 ಚಿಪ್‌ಸೆಟ್ಟಿಗೆ ಹೋದರೆ, ಎಸ್‌ಎಸ್‌ಡಿ ಮೊದಲಾದವುಗಳಿಗೆ ನೇರವಾಗಿ ಉಳಿಯುವುದು 8. ಉಳಿದ ಸ್ಲಾಟುಗಳೆಲ್ಲ ಚಿಪ್‌ಸೆಟ್ಟಿನ ಮೂಲಕ ಬರುವುದರಿಂದ ಒಂದೇ ತೋಡಿನ ನೀರನ್ನು ಎರಡು ತೋಟಕ್ಕೆ ಹಂಚಿಕೊಂಡಂತೆ ಹಂಚಿಕೆ ನಡೆಯುತ್ತದೆ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟೊಂದನ್ನು ತುಂಬಿದೊಡನೆ ಎರಡು ಸಾಟಾ ಪೋರ್ಟುಗಳು ನಿಂತುಹೋಗುತ್ತವೆ. ದುಬಾರಿ ಬೋರ್ಡುಗಳೂ ಇದಕ್ಕೆ ಹೊರತಲ್ಲ, ಕೆಲವುಗಳಲ್ಲಿ ಎರಡನೆಯ ವೇಗದ ಎಂ.2 ತುಂಬಿದರೆ ಗ್ರಾಫಿಕ್ಸ್ ಸ್ಲಾಟ್ 16ರಿಂದ 8 ದಾರಿಗೆ ಇಳಿಯುತ್ತದೆ. ಈ ಸಂಗತಿ ಡಬ್ಬಿಯ ಮೇಲೆ ಇರುವುದಿಲ್ಲ. ತಯಾರಕರ ಜಾಲತಾಣದಲ್ಲಿ ಸಿಗುವ ಮ್ಯಾನುಯಲ್‌ನಲ್ಲಿ, ಎಂ.2 ಚಿತ್ರದ ಕೆಳಗೆ, ಸಣ್ಣ ಅಕ್ಷರದ ಒಂದೆರಡು ಸಾಲಿನಲ್ಲಿ ಇರುತ್ತದೆ. ಹಣ ಕೊಡುವ ಮುನ್ನ ಆ ಪುಟವನ್ನು ಮೊಬೈಲಿನಲ್ಲಿ ತೆರೆದು ಓದಿ.

ಅಂಗಡಿಯಲ್ಲಿ ಇನ್ನೊಂದು ಕೆಲಸವನ್ನೂ ಮಾಡಿ. ಎಎಂ5ರಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲಿಲ್ಲ, ಬೋರ್ಡಿನ ಸಾಕೆಟ್ಟಿನಲ್ಲೇ 1,718 ಪಿನ್ನುಗಳಿವೆ. ಕೂದಲೆಳೆಯಂಥ ಅವುಗಳಲ್ಲಿ ಒಂದು ಬಾಗಿದರೂ ರ್‍ಯಾಮಿನ ಒಂದು ಬದಿ ಕಾಣದೇ ಹೋಗಬಹುದು, ಬಾಗಿದ ಪಿನ್ನಿಗೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಮಾರುವವರ ಎದುರಿಗೇ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎಲ್ಲ ಪಿನ್ನುಗಳೂ ನಾಟಿ ಮಾಡಿದ ಗದ್ದೆಯ ಸಾಲಿನಂತೆ ಒಂದೇ ದಿಕ್ಕಿಗೆ ಮಿನುಗಬೇಕು. ಒಂದು ಫೋಟೋ ತೆಗೆದುಕೊಳ್ಳಿ, ಆ ಮುಚ್ಚಳವನ್ನೂ ಜಿಎಸ್‌ಟಿ ಬಿಲ್ಲನ್ನೂ ಜೋಪಾನವಾಗಿಡಿ.

ಈಗ ಎಸ್‌ಎಸ್‌ಡಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150ರಿಂದ 200 ಎಂಬಿ ಓದುತ್ತದೆ, ಸಾಟಾ ಎಸ್‌ಎಸ್‌ಡಿ 550, ಪಿಸಿಐಇ ದಾರಿ ಬಳಸುವ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ಮೂರನೇ ತಲೆಮಾರಿನದು 3,500, ನಾಲ್ಕನೆಯದು 7,000, ಐದನೆಯದು 14,000. ಈ ಅಂಕಿಗಳು ಸುಳ್ಳಲ್ಲ, ಆದರೆ ದೊಡ್ಡದೊಂದು ಕಡತವನ್ನು ಒಂದೇ ಉಸಿರಿಗೆ ಓದುವಾಗಿನ ವೇಗವನ್ನಷ್ಟೇ ಅವು ಹೇಳುತ್ತವೆ. ಆಟ ಲೋಡ್ ಆಗುವಾಗ ಸಣ್ಣ ಸಣ್ಣ ತುಣುಕುಗಳನ್ನು ಅಲ್ಲಲ್ಲಿಂದ ಆಯ್ದು ತರಬೇಕು, ಕುಗ್ಗಿಸಿಟ್ಟ ಮಾಹಿತಿಯನ್ನು ಪ್ರೊಸೆಸರ್ ಬಿಡಿಸಬೇಕು. ಹೀಗಾಗಿ ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಬದಲಾವಣೆ ಮೊದಲ ದಿನವೇ ತಿಳಿಯುತ್ತದೆ, ಸಾಟಾದಿಂದ ಎನ್‌ವಿಎಂಇಗೆ ಬಂದಾಗ ಕೆಲವು ಸೆಕೆಂಡು ಉಳಿಯುತ್ತದೆ, ನಾಲ್ಕರಿಂದ ಐದನೇ ತಲೆಮಾರಿಗೆ ಹೋದರೆ ಆಟ ಆಡುವವರಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸಬಲ್ಲ ಡೈರೆಕ್ಟ್‌ಸ್ಟೋರೇಜ್ ಎಂಬ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ತಂದಿದೆ. ಅದನ್ನು ಬಳಸಿದ ಮೊದಲ ಪಿಸಿ ಆಟ 2023ರ ಜನವರಿಯಲ್ಲಿ ಬಂದರೂ ಇಂದಿಗೂ ಅಂಥ ಆಟಗಳು ಕಡಿಮೆ. ಐದನೇ ತಲೆಮಾರಿನವು ಬಹಳ ಬಿಸಿಯಾಗುತ್ತವೆ, ಒಳ್ಳೆಯ ಹೀಟ್‌ಸಿಂಕ್ ಇಲ್ಲದಿದ್ದರೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ.

ಮಲೆನಾಡಿನ ಹಳ್ಳಿಮನೆಗೆ ವೇಗಕ್ಕಿಂತ ಜಾಗ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳುತ್ತದೆ, ಎಸ್‌ಎಸ್‌ಡಿಯೇ ಬೇಕು ಎಂದೂ ಹೇಳುತ್ತದೆ. ನಿಮ್ಮ ಊರಿನಲ್ಲಿ 20 ಎಂಬಿಪಿಎಸ್ ಸಂಪರ್ಕ ಸಿಕ್ಕಿದರೂ 100 ಜಿಬಿ ಆಟವೊಂದನ್ನು ಇಳಿಸಿಕೊಳ್ಳಲು, ನಡುವೆ ಒಮ್ಮೆಯೂ ಕಡಿಯದೆ ಹೋದರೂ, ಹನ್ನೊಂದು ಗಂಟೆ ಹಿಡಿಯುತ್ತದೆ. ಜಾಗ ಸಾಲದೆಂದು ಅಳಿಸಿದ ಆಟವನ್ನು ಮತ್ತೆ ತರುವುದು ಬೆಂಗಳೂರಿನವರಿಗೆ ಸಣ್ಣ ಮಾತು, ನಿಮಗೆ ಒಂದಿಡೀ ರಾತ್ರಿಯ ಕೆಲಸ. ಆದ್ದರಿಂದ 500 ಜಿಬಿಯ ಅತಿವೇಗದ ಎಸ್‌ಎಸ್‌ಡಿಯನ್ನು ಬಿಟ್ಟು 1 ಟಿಬಿಯ ಸಾಧಾರಣ ನಾಲ್ಕನೇ ತಲೆಮಾರಿನದನ್ನು ಕೊಳ್ಳಿ. ಮನೆಯಲ್ಲಿ ಹಳೆಯ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಅದನ್ನೂ ಸಾಟಾ ಪೋರ್ಟಿಗೆ ಜೋಡಿಸಿ, ಸದ್ಯ ಆಡದ ಆಟಗಳನ್ನು ಅದರಲ್ಲಿಡಿ. ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಆಟವನ್ನು ಒಂದು ಡ್ರೈವಿನಿಂದ ಇನ್ನೊಂದಕ್ಕೆ ಸರಿಸುವ ಸೌಲಭ್ಯವಿದ್ದು, ಸೆಕೆಂಡಿಗೆ 150 ಎಂಬಿ ವೇಗದ ಡಿಸ್ಕಿನಿಂದ 100 ಜಿಬಿಯನ್ನು ತರಲು ಹನ್ನೊಂದು ನಿಮಿಷದಷ್ಟು ಸಾಕು.

ಎಸ್‌ಎಸ್‌ಡಿಯ ವಿವರದಲ್ಲಿ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಬಗೆ) ಎಂದಿದ್ದರೆ ಒಳ್ಳೆಯದು. ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಅಗ್ಗ, ಆದರೆ ದೊಡ್ಡ ಆಟವನ್ನು ಬರೆಯುವಾಗ ಅದರ ಕ್ಯಾಶೆ (ಬರೆಯುವಾಗ ಮೊದಲು ತುಂಬುವ ವೇಗದ ಭಾಗ) ತುಂಬಿದ ಮೇಲೆ ವೇಗ ತೀರಾ ಕುಸಿಯುತ್ತದೆ. ಡಿರ್‍ಯಾಮ್ ಎಂಬ ಸ್ವಂತ ಮೆಮೊರಿ ಚಿಪ್ ಇಲ್ಲದ, ಕಂಪ್ಯೂಟರಿನ ರ್‍ಯಾಮಿನಲ್ಲೇ ಸ್ವಲ್ಪ ಜಾಗ ಎರವಲು ಪಡೆಯುವ ಎನ್‌ವಿಎಂಇ ಡ್ರೈವುಗಳು ಆಟಕ್ಕೆ ಸಾಕು, ಅದಕ್ಕೆ ಹೆದರಬೇಡಿ. ಕೊಂಡ ಎಸ್‌ಎಸ್‌ಡಿಯನ್ನು ಪ್ರೊಸೆಸರಿಗೆ ಅತ್ಯಂತ ಹತ್ತಿರದ ಎಂ.2 ಸ್ಲಾಟಿನಲ್ಲಿ ಕೂರಿಸಿ. ಹೀಟ್‌ಸಿಂಕಿನ ಒಳಗಿನ ಬೂದು ಪಟ್ಟಿಯ ಮೇಲೆ ತೆಳುವಾದ ಪಾರದರ್ಶಕ ಹಾಳೆಯೊಂದು ಅಂಟಿರುತ್ತದೆ, ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದ ಮೇಲೆಯೇ ಮುಚ್ಚಿ. ಎಷ್ಟೋ ಯಂತ್ರಗಳಲ್ಲಿ ಆ ಹಾಳೆ ಹಾಗೆಯೇ ಉಳಿದು ಎಸ್‌ಎಸ್‌ಡಿ ಕಾದದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಮೊದಲ ಸಲ ಸ್ವಿಚ್ ಒತ್ತಿದಾಗ ಡಿಡಿಆರ್5 ರ್‍ಯಾಮನ್ನು ಬೋರ್ಡು ಅಳೆದು ನೋಡುವುದರಿಂದ ತೆರೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ವಿದ್ಯುತ್ ತೆಗೆಯದೆ ಕಾಯಿರಿ.

ಪ್ರಶ್ನೆ: ತಮ್ಮನಿಗೆ ಕಡಿಮೆ ಬೆಲೆಯಲ್ಲಿ ಎ520 ಬೋರ್ಡ್, ರೈಜನ್ 5 5600ಜಿ, ನಾಲ್ಕನೇ ತಲೆಮಾರಿನ ಎಸ್‌ಎಸ್‌ಡಿ ಸೇರಿಸಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಒಂದು ವರ್ಷದ ನಂತರ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆಯಿದೆ. ಸರಿಯೇ?
– ಓದುಗಿ, ಭದ್ರಾವತಿ

ಉತ್ತರ: ಎ520 ಬೋರ್ಡೂ 5600ಜಿಯೂ ಪಿಸಿಐಇ 3.0ಕ್ಕೆ ಸೀಮಿತ. ಎಸ್‌ಎಸ್‌ಡಿ ಕೆಲಸ ಮಾಡುತ್ತದೆ, ಅರ್ಧ ವೇಗದಲ್ಲಿ. ಮೇಲೆ ಹೇಳಿದಂತೆ ಆಟಕ್ಕೆ ಅದು ದೊಡ್ಡ ನಷ್ಟವಲ್ಲ. ತೊಡಕು ಬರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ: ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600ರಂಥ ಕಾರ್ಡುಗಳು ಎಂಟೇ ದಾರಿ ಬಳಸುವುದರಿಂದ, ಮೂರನೇ ತಲೆಮಾರಿನ ಸ್ಲಾಟಿನಲ್ಲಿ ಅವುಗಳ ಪಾಲಿನ ಹಾದಿಯ ವೇಗ ಅರ್ಧಕ್ಕಿಳಿಯುತ್ತದೆ, ಕಾರ್ಡಿನ 8 ಜಿಬಿ ಮೆಮೊರಿ ತುಂಬಿಹೋಗುವ ಆಟಗಳಲ್ಲಿ ಅದು ತಡವರಿಕೆಯಾಗಿ ಕಾಣುತ್ತದೆ. ಕಾರ್ಡು ಬರುವವರೆಗೆ ಕಾಯುವುದಾದರೆ ಬಿ550 ಬೋರ್ಡು ಮತ್ತು ಕೊನೆಯಲ್ಲಿ ಜಿ ಇಲ್ಲದ ರೈಜನ್ 5 5600 ಕೊಳ್ಳುವುದು ವಾಸಿ. ಆದರೆ 5600ಕ್ಕೆ ಸ್ವಂತ ಗ್ರಾಫಿಕ್ಸ್ ಇಲ್ಲ, ಕಾರ್ಡಿಲ್ಲದೆ ತೆರೆ ಬೆಳಗುವುದಿಲ್ಲ. ನಾಳೆಯಿಂದಲೇ ಕಂಪ್ಯೂಟರ್ ಬೇಕೆಂದಿದ್ದರೆ 5600ಜಿಯನ್ನೇ ತೆಗೆದುಕೊಂಡು, ಬೋರ್ಡನ್ನು ಮಾತ್ರ ಬಿ550 ಮಾಡಿಸಿ. ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಆದೀತು.

ಪ್ರಶ್ನೆ: ನಮ್ಮ ಕಡೆ ಮೇ ತಿಂಗಳಲ್ಲಿ ಸಿಡಿಲು, ಜೂನಿನಿಂದ ಜಡಿಮಳೆ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ. ಬೋರ್ಡು, ಎಸ್‌ಎಸ್‌ಡಿ ಬಾಳಿಕೆ ಬರುತ್ತವೆಯೇ?
– ಓದುಗ, ಹೊಸನಗರ ತಾಲ್ಲೂಕು

ಉತ್ತರ: ಬರುತ್ತವೆ, ಆದರೆ ಕಾಳಜಿ ಬೇಕು. ಕಂಪ್ಯೂಟರಿನ ಪವರ್ ಸಪ್ಲೈ ವಿದ್ಯುತ್ ಕಡಿದ ಮೇಲೆ ಸುಮಾರು 16 ಮಿಲಿಸೆಕೆಂಡು ಮಾತ್ರ ತಡೆದುಕೊಳ್ಳುತ್ತದೆ. ಮನೆಯ ಇನ್ವರ್ಟರ್ ಅಷ್ಟರೊಳಗೆ ಬದಲಾಗದಿದ್ದರೆ ಯಂತ್ರ ಆರಿಹೋಗುತ್ತದೆ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಪ್ರತ್ಯೇಕ ಯುಪಿಎಸ್ ಇಡಿ. ಸಾಮಾನ್ಯ ಎಸ್‌ಎಸ್‌ಡಿಗಳಲ್ಲಿ ವಿದ್ಯುತ್ ಹಠಾತ್ತಾಗಿ ಹೋದಾಗ ಬರೆಯುತ್ತಿದ್ದುದನ್ನು ಮುಗಿಸಿಕೊಡುವ ಕೆಪಾಸಿಟರುಗಳು ಇರುವುದಿಲ್ಲ. ಬಯಾಸ್ ಅಪ್‌ಡೇಟನ್ನಂತೂ ಮಳೆಗಾಲದ ಸಂಜೆ ಮಾಡಲೇಬೇಡಿ. ನಡುವೆ ಕರೆಂಟು ಹೋದರೆ ಬೋರ್ಡು ಏಳದೇ ಹೋಗಬಹುದು. ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡಾದರೆ ಪೆನ್‌ಡ್ರೈವಿನಿಂದ ಮತ್ತೆ ಎಬ್ಬಿಸಬಹುದು, ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಸಿಡಿಲಿನ ಬಗ್ಗೆ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಿಮ್ಮ ತಾಲ್ಲೂಕಿನಲ್ಲೇ ಇರುವ ನಮ್ಮ ಬಂಧುಗಳು ಗುಡುಗು ಕೇಳಿದೊಡನೆ ಕಂಪ್ಯೂಟರಿನ ಪ್ಲಗ್ ಕಿತ್ತಿದ್ದರು, ಜಗುಲಿಯ ರೌಟರಿನ ಪ್ಲಗ್ ಮಾತ್ರ ಹಾಗೆಯೇ ಇತ್ತು. ಹೊಡೆತ ರೌಟರಿನಿಂದ ಲ್ಯಾನ್ ತಂತಿಯ ಮೂಲಕ ಬೋರ್ಡಿಗೆ ಬಂತು. ಬೋರ್ಡಿನ ಹಿಂಬದಿಯ ಆ ಒಂದು ಪೋರ್ಟಿನ ಸುತ್ತ ಮಸಿ ಹಿಡಿದಿತ್ತು, ಸುಟ್ಟ ವಾಸನೆ ಮೂರು ದಿನ ಹೋಗಲಿಲ್ಲ, ಉಳಿದುದೆಲ್ಲ ಪುಣ್ಯಕ್ಕೆ ಉಳಿಯಿತು. ಎರಡು ಪ್ಲಗ್ಗನ್ನೂ ಲ್ಯಾನ್ ತಂತಿಯನ್ನೂ ಕೀಳಬೇಕು. ವೈಫೈ ಇರುವ ಬೋರ್ಡ್ ಕೊಂಡರೆ ಆ ತಂತಿಯೇ ಬೇಡ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ಮಳೆಗೆ ಮೊದಲೇ ಪರೀಕ್ಷೆ ಮಾಡಿಸಿ.

ತೇವಕ್ಕೆ ಇರುವ ಮದ್ದು ಬಳಕೆ. ಪೆಟ್ಟಿಗೆಯನ್ನು ಮಳೆ ಹೊಡೆಯುವ ಗೋಡೆಗೆ ಒರಗಿಸದೆ ಒಂದು ಗೇಣು ದೂರವಿಟ್ಟು, ಆಡದಿದ್ದರೂ ದಿನಕ್ಕೊಂದು ಗಂಟೆ ಚಾಲೂ ಮಾಡಿದರೆ ಒಳಗಿನ ಬಿಸಿಗೆ ಬೂಷ್ಟು ಹತ್ತಿರ ಸುಳಿಯುವುದಿಲ್ಲ. ಪೆಟ್ಟಿಗೆಯ ಹಿಂದೆ ಖಾಲಿ ಸ್ಲಾಟಿನ ತಗಡುಗಳನ್ನು ತೆಗೆದಿದ್ದರೆ ಮರಳಿ ಹಾಕಿ: ಬೆಚ್ಚನೆಯ ಜಾಗ ಹುಡುಕಿ ಬರುವ ಹಲ್ಲಿ, ಇರುವೆಗಳಿಗೆ ಅದೇ ಬಾಗಿಲು, ಬೋರ್ಡಿನ ಮೇಲೆ ಹಲ್ಲಿ ಸತ್ತರೆ ಶಾರ್ಟ್ ಆಗುತ್ತದೆ.

ಪ್ರಶ್ನೆ: 1 ಟಿಬಿ ಎಸ್‌ಎಸ್‌ಡಿ ಕೊಂಡೆ, ವಿಂಡೋಸ್ 931 ಜಿಬಿ ತೋರಿಸುತ್ತಿದೆ. ಮೋಸವೇ?
– ಓದುಗ, ಸಾಗರ

ಉತ್ತರ: ಮೋಸವಲ್ಲ. ತಯಾರಕರು 1,000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಒಂದು ಲಕ್ಷ ಕೋಟಿ ಬೈಟನ್ನು ಮೂರು ಸಲ 1,024ರಿಂದ ಭಾಗಿಸಿದರೆ 931 ಬರುತ್ತದೆ. ಆದರೆ ಅಂತರ್ಜಾಲದಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಕೊಂಡದ್ದಾದರೆ ಅದು ಇಲ್ಲದ ಜಾಗವನ್ನು ತೋರಿಸುವ ನಕಲಿಯಿರಬಹುದು; ಅದರಲ್ಲಿ ಆಟಗಳನ್ನು ಇಡುವ ಮುನ್ನ ಡ್ರೈವಿನ ತುಂಬ ಕಡತಗಳನ್ನು ನಕಲಿಸಿ, ಅವೆಲ್ಲ ಮತ್ತೆ ಸರಿಯಾಗಿ ತೆರೆಯುತ್ತವೆಯೇ ಎಂದು ಹಿಂದಿರುಗಿಸುವ ಅವಧಿಯೊಳಗೆ ಪರೀಕ್ಷಿಸಿಕೊಳ್ಳಿ.