‘ಬಾಯ್ಕಾಟ್’ ಎಂಬ ಪದದ ಅರ್ಥವೇನು? ಅದು ಹುಟ್ಟಿದ್ದು ಹೇಗೆ?

ಪ್ರತಿಭಟನೆಗಾಗಿ ಒಬ್ಬ ವ್ಯಕ್ತಿ, ಸಂಸ್ಥೆ ಅಥವಾ ಸರಕಿನೊಡನೆ ಎಲ್ಲ ವ್ಯವಹಾರವನ್ನೂ ಒಟ್ಟಾಗಿ ನಿಲ್ಲಿಸುವುದೇ ಬಾಯ್ಕಾಟ್. ಕನ್ನಡದಲ್ಲಿ ಇದನ್ನು ‘ಬಹಿಷ್ಕಾರ’ ಎನ್ನುತ್ತೇವೆ. ಆದರೆ ಊರಿನ ಬಲಾಢ್ಯರು ದುರ್ಬಲರಿಗೆ ಹಾಕುತ್ತಿದ್ದ ಬಹಿಷ್ಕಾರಕ್ಕಿಂತ ಮೂಲದ ಬಾಯ್ಕಾಟ್ ತೀರ ಭಿನ್ನವಾದುದು, ಏಕೆಂದರೆ ಅದು ಗೇಣಿದಾರರು ಜಮೀನ್ದಾರಿಯ ವಿರುದ್ಧ ಹೂಡಿದ ಅಸ್ತ್ರವಾಗಿತ್ತು.

ನಮ್ಮ ಕಿವಿಗೆ ‘ಬಾಯಿ ಕಟ್ಟು’ ಎಂಬಂತೆ ಕೇಳಿಸಿದರೂ ಇದು ಒಬ್ಬ ಮನುಷ್ಯನ ಹೆಸರು. ಇಂಗ್ಲೆಂಡಿನ ಚಾರ್ಲ್ಸ್ ಬಾಯ್ಕಾಟ್ ಎಂಬಾತ ಐರ್ಲೆಂಡಿನ ಮೇಯೊ ಜಿಲ್ಲೆಯಲ್ಲಿ ಲಾರ್ಡ್ ಅರ್ನ್ ಎಂಬ ಭೂಮಾಲೀಕನ ಪರವಾಗಿ ಗೇಣಿ ವಸೂಲು ಮಾಡುತ್ತಿದ್ದ. 1880ರಲ್ಲಿ, ಬೆಳೆ ಕೈಕೊಟ್ಟ ವರ್ಷಗಳ ಬೆನ್ನಿಗೇ, ಗೇಣಿ ಇಳಿಸಬೇಕೆಂದು ಕೇಳಿದ ರೈತರನ್ನು ಒಕ್ಕಲೆಬ್ಬಿಸಲು ಅವನು ಮುಂದಾದಾಗ, ಕೂಲಿಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ, ಅಂಚೆ ತಲುಪುವುದೂ ಕಷ್ಟವಾಯಿತು. ಕೊನೆಗೆ ಐರ್ಲೆಂಡಿನ ಉತ್ತರ ಭಾಗದ ಅಲ್ಸ್ಟರ್‌ನಿಂದ ಬಂದ ಸುಮಾರು 50 ಜನ ಸ್ವಯಂಸೇವಕರು ಸೈನಿಕರ ಕಾವಲಿನಲ್ಲಿ ಅವನ ಬೆಳೆ ಕೊಯ್ದರು. ಈ ಕಾವಲಿಗೆ ತಗಲಿದ ಖರ್ಚು ಬೆಳೆಯ ಬೆಲೆಯನ್ನು ಎಷ್ಟೋ ಪಟ್ಟು ಮೀರಿತ್ತು. ಆ ವರ್ಷವೇ ಪತ್ರಿಕೆಗಳು ಅವನ ಹೆಸರನ್ನು ಕ್ರಿಯಾಪದವಾಗಿ ಬಳಸತೊಡಗಿದವು. ಫ್ರೆಂಚ್, ಜರ್ಮನ್ ಭಾಷೆಗಳೂ ಅದನ್ನು ಎರವಲು ಪಡೆದವು.