ಮತ್ತೆ ಮೊದಲಿಂದ ನೋಡಿಸಿದ್ದು ಸರಿ

ಈ ಸಲ ಒಂದೇ ಪತ್ರಕ್ಕೆ ಉದ್ದದ ಉತ್ತರ ಬರೆಯುತ್ತಿದ್ದೇನೆ. ಬರೆದವರು ಸಾಗರದ ಕಡೆಯ ಒಬ್ಬ ತಾಯಿ. ಅವರ ಮಗಳು ಪೈಲಟ್ ತರಬೇತಿಗೆ ಸೇರಿದ್ದಾಳೆ. ಮೊನ್ನೆ ಬೆಳಿಗ್ಗೆ ಅವಳು ಹಾರುವ ಮೊದಲು ಪುಟ್ಟ ಸೆಸ್ನಾ ವಿಮಾನದ ಸುತ್ತ ನಡೆದು ಒಂದೊಂದನ್ನೇ ನೋಡುತ್ತಿದ್ದಳು. ಅರ್ಧ ಮುಗಿದಾಗ ಯಾರೋ ಬಂದು ಏನೋ ಕೇಳಿದರು. ಉತ್ತರ ಹೇಳಿ ಮುಂದುವರಿಸಿದಳು. ಇನ್‌ಸ್ಟ್ರಕ್ಟರ್ ತಡೆದರು. ಮತ್ತೆ ಮೊದಲಿಂದ ಶುರು ಮಾಡಿಸಿದರು. ಅಷ್ಟರಲ್ಲಿ ಅವಳ ಸರದಿ ಕೈತಪ್ಪಿತು. "ಇಂಜಿನಿಯರ್ ಆಗಲೇ ನೋಡಿ ಸಹಿ ಹಾಕಿರುತ್ತಾರೆ. ಇಷ್ಟು ಬಿಗಿ ಬೇಕಾ?" ಎಂದು ತಾಯಿ ಕೇಳಿದ್ದಾರೆ.

ಅಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಸಾಲ ಮಾಡಿ ಓದಿಸುವವರಿಗೆ ಒಂದೊಂದು ಗಂಟೆಯೂ ಲೆಕ್ಕವೇ. ಆದರೂ ನಾನು ಇನ್‌ಸ್ಟ್ರಕ್ಟರ್ ಪರ.

ಮೊದಲು ಇಂಜಿನಿಯರ್ ಸಹಿಯ ವಿಷಯ. 1996ರ ಅಕ್ಟೋಬರ್ 2ರಂದು, ಮಧ್ಯರಾತ್ರಿ ದಾಟಿದ ಮೇಲೆ, ಪೆರು ದೇಶದ ಲಿಮಾದಿಂದ ಚಿಲಿಯ ಸ್ಯಾಂಟಿಯಾಗೊಗೆ ಏರೋಪೆರು ಕಂಪನಿಯ ಬೋಯಿಂಗ್ 757 ಹೊರಟಿತು. ಅದಕ್ಕೆ ಮುಂಚೆ ವಿಮಾನವನ್ನು ತೊಳೆದಿದ್ದರು. ವಿಮಾನದ ಮೈಮೇಲೆ ಸ್ಟ್ಯಾಟಿಕ್ ಪೋರ್ಟ್ ಎಂಬ ಸಣ್ಣ ತೂತುಗಳಿರುತ್ತವೆ. ಹೊರಗಿನ ಗಾಳಿಯ ಒತ್ತಡ ಅಲ್ಲಿಂದ ಒಳಗೆ ಹೋಗುತ್ತದೆ. ಎಷ್ಟು ಎತ್ತರ, ಎಷ್ಟು ವೇಗ ಅನ್ನುವ ಲೆಕ್ಕಕ್ಕೆ ಆ ಒತ್ತಡ ಬೇಕೇ ಬೇಕು. ತೊಳೆಯುವ ಹೊತ್ತಿಗೆ ಕೆಲಸಗಾರನೊಬ್ಬ ಆ ತೂತುಗಳಿಗೆ ಟೇಪ್ ಅಂಟಿಸಿದ್ದ. ಆಮೇಲೆ ತೆಗೆಯುವುದನ್ನು ಮರೆತ. ಟೇಪಿನದು ಬೆಳ್ಳಿ ಬಣ್ಣ. ವಿಮಾನದ ಮೈಯದೂ ಅದೇ ಬಣ್ಣ. ಅವನ ಮೇಲಿನವರು ನೋಡಲಿಲ್ಲ. ಕೊನೆಗೆ ಕ್ಯಾಪ್ಟನ್ ಸುತ್ತ ನಡೆದು ಬಂದಾಗಲೂ ಅದು ಕಣ್ಣಿಗೆ ಬೀಳಲಿಲ್ಲ.

ನೆಲ ಬಿಟ್ಟ ಕೂಡಲೇ ಮೀಟರ್‌ಗಳು ಏನೇನೋ ತೋರಿಸತೊಡಗಿದವು. ವೇಗ ಜಾಸ್ತಿಯಾಯಿತು ಅಂತ ಒಂದು ಎಚ್ಚರಿಕೆ, ಕಮ್ಮಿಯಾಯಿತು ಅಂತ ಇನ್ನೊಂದು. ಕೆಳಗೆ ಕತ್ತಲು, ಸಮುದ್ರ. ನಾವೆಷ್ಟು ಎತ್ತರದಲ್ಲಿದ್ದೇವೆ ಹೇಳಿ ಅಂತ ಪೈಲಟ್‌ಗಳು ನೆಲದ ಮೇಲಿದ್ದ ಕಂಟ್ರೋಲರನ್ನು ಕೇಳಿದರು. ಅವರು ಪರದೆ ನೋಡಿ ಹೇಳಿದರು. ಆದರೆ ಆ ಪರದೆಗೆ ಎತ್ತರದ ಲೆಕ್ಕ ಹೋಗುತ್ತಿದ್ದುದೂ ಇದೇ ವಿಮಾನದಿಂದ, ಇದೇ ಮುಚ್ಚಿದ ತೂತುಗಳಿಂದ. ರೆಕ್ಕೆ ನೀರಿಗೆ ತಾಗಿದಾಗಲೂ ಮೀಟರ್ ಸುಮಾರು 9,700 ಅಡಿ ಅನ್ನುತ್ತಿತ್ತು. ಒಳಗಿದ್ದ 70 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ರಾತ್ರಿಯೂ ವಿಮಾನ ಸರಿಯಿದೆ ಅಂತಲೇ ಪೈಲಟ್ ಕೈಗೆ ಕೊಟ್ಟಿದ್ದರು. ಹಿಂದಿನವರು ನೋಡಿರುತ್ತಾರೆ ಅಂತ ಪ್ರತಿಯೊಬ್ಬರೂ ನಂಬಿದರೆ ಕೊನೆಗೆ ಯಾರೂ ನೋಡಿರುವುದಿಲ್ಲ. ನಿಮ್ಮ ಮಗಳ ಸೆಸ್ನಾದಲ್ಲಿ ಆ ತೂತು ಮುಂಭಾಗದ ಪಕ್ಕದಲ್ಲೇ ಇರುತ್ತದೆ. ಹತ್ತಿರ ಹೋಗಿ ನೋಡಲು ಎರಡು ಸೆಕೆಂಡು ಸಾಕು.

ಇನ್ನು, ಮಧ್ಯೆ ಯಾರೋ ಮಾತಾಡಿಸಿದರೆ ಏನು ಮಹಾ? ಬಿಟ್ಟ ಜಾಗ ನೆನಪಿದೆ ಅಂತ ನಮಗೆಲ್ಲ ಅನ್ನಿಸುತ್ತದೆ. ಅಡುಗೆ ಮಾಡುವಾಗ ಯಾರೋ ಬಾಗಿಲು ಬಡಿದರೆ, ವಾಪಸ್ ಬಂದು ಸಾರಿಗೆ ಉಪ್ಪು ಹಾಕಿದ್ದೆನಾ ಅಂತ ರುಚಿ ನೋಡುತ್ತೀರಿ, ಅಲ್ವಾ? ಪೈಲಟ್‌ಗೆ ಆ ರುಚಿ ತಿಳಿಯುವುದು ಮೇಲೆ ಏರಿದ ಮೇಲೆ. 1987ರ ಆಗಸ್ಟ್ 16ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ ಕಂಪನಿಯ ವಿಮಾನ ಹೊರಡುವಾಗ ರನ್‌ವೇ ಬದಲಾಯಿತು. ಆ ಗಡಿಬಿಡಿಯಲ್ಲಿ, ರನ್‌ವೇ ಕಡೆ ಸಾಗುವಾಗ ಓದಬೇಕಿದ್ದ ಟ್ಯಾಕ್ಸಿ ಚೆಕ್‌ಲಿಸ್ಟ್ ಓದದೇ ಹೋಯಿತು. ಮೇಲೇಳಲು ಹೆಚ್ಚು ಎತ್ತುವ ಬಲ ಕೊಡುವ ರೆಕ್ಕೆಯ ಫ್ಲಾಪ್‌ಗಳನ್ನು ಇಳಿಸಲಿಲ್ಲ. ಎಚ್ಚರಿಸಬೇಕಿದ್ದ ಅಲಾರಂಗೆ ಕರೆಂಟೇ ಇರಲಿಲ್ಲ. ನೆಲದ ಮೇಲಿದ್ದ ಇಬ್ಬರೂ ಸೇರಿ 156 ಜನ ಸತ್ತರು. ವಿಮಾನದಲ್ಲಿದ್ದವರಲ್ಲಿ ನಾಲ್ಕು ವರ್ಷದ ಒಂದು ಹೆಣ್ಣುಮಗು ಮಾತ್ರ ಉಳಿಯಿತು.

"ಇನ್ನೂ ಹೊಸಬಳು ಅಂತ ಹೀಗೆ ಮಾಡಿಸುತ್ತಾರೇನೋ, ಆಮೇಲೆ ಇಷ್ಟು ಬೇಕಾಗಲಿಕ್ಕಿಲ್ಲ" ಎಂದೂ ಬರೆದಿದ್ದೀರಿ. ನನಗೆ ಹೆಚ್ಚು ಭಯ ಇರುವುದು ಆ 'ಆಮೇಲೆ'ಯ ಬಗ್ಗೆಯೇ.

ವಿಮಾನವನ್ನು ಏರಿಸಿ ತಿರುಗಿಸುವ ಪಟ್ಟಿಗಳು ರೆಕ್ಕೆ ಮತ್ತು ಬಾಲದಲ್ಲಿರುತ್ತವೆ. ವಿಮಾನ ನಿಂತಾಗ ಅವು ಗಾಳಿಗೆ ಬಡಿದಾಡದಂತೆ ಗಸ್ಟ್ ಲಾಕ್ ಹಾಕುತ್ತಾರೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊದಲ್ಲಿ ಬೋಯಿಂಗ್‌ನ ಮಾಡೆಲ್ 299 ಎಂಬ ಹೊಸ ಬಾಂಬರ್ ಲಾಕ್ ತೆಗೆಯದೆ ಮೇಲೇರಿತು, ಬಿತ್ತು. ಓಡಿಸುತ್ತಿದ್ದ ಮೇಜರ್ ಪ್ಲಾಯರ್ ಹಿಲ್ ಸೇನೆಯ ನುರಿತ ಪೈಲಟ್. ಅವರೂ ಬೋಯಿಂಗ್‌ನ ಟೆಸ್ಟ್ ಪೈಲಟ್ ಲೆಸ್ಲಿ ಟವರ್ ಅವರೂ ತೀರಿಕೊಂಡರು. ನೆನಪನ್ನೇ ನೆಚ್ಚಿಕೊಂಡರೆ ಆಗದು ಅಂತ ಚೆಕ್‌ಲಿಸ್ಟ್ ಬರೆದು ಕಾಕ್‌ಪಿಟ್‌ನಲ್ಲಿ ಇಟ್ಟುಕೊಳ್ಳುವ ರೂಢಿ ಬೇರುಬಿಟ್ಟಿದ್ದು ಆಮೇಲೆ.

ಅದಾಗಿ ಸುಮಾರು 79 ವರ್ಷ. 2014ರ ಮೇ 31ರ ರಾತ್ರಿ ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ಒಂದು ಗಸ್ಟ್ ಲಾಕ್ ಇದ್ದಂತೆಯೇ ಓಡಿತು. ಮೇಲೇಳಲಿಲ್ಲ. ರನ್‌ವೇ ದಾಟಿ ಹೋಗಿ ಬೆಂಕಿ ಹತ್ತಿತು. ಏಳೂ ಜನ ಸತ್ತರು. ಇಬ್ಬರು ಪೈಲಟ್‌ಗಳೂ ವರ್ಷಗಟ್ಟಲೆ ಜೊತೆಯಾಗಿ ಹಾರಿದವರು. ಆ ಪಟ್ಟಿಗಳನ್ನು ಆಡಿಸುವ ಹಿಡಿಕೆಯನ್ನು ಎಲ್ಲ ದಿಕ್ಕಿಗೂ ಪೂರ್ತಿ ಆಡಿಸಿ ನೋಡಿದ್ದರೆ ಲಾಕ್ ಅಲ್ಲೇ ಗೊತ್ತಾಗುತ್ತಿತ್ತು. ತನಿಖೆ ಮಾಡಿದವರು ಹಿಂದಿನ 175 ಟೇಕಾಫ್‌ಗಳ ದಾಖಲೆ ತೆಗೆದು ನೋಡಿದರು. ಅದರಲ್ಲಿ ನೂರಕ್ಕೆ 98 ಸಲ ಆ ಪರೀಕ್ಷೆಯನ್ನು ಪೂರ್ತಿ ಮಾಡಿರಲಿಲ್ಲ. ಅಷ್ಟೂ ಸಲ ಏನೂ ಆಗಿರಲಿಲ್ಲ. ಏನೂ ಆಗದೇ ಇದ್ದದ್ದೇ ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಈ ಸಂಖ್ಯೆ ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ.

ಮಗಳು ರಜೆಗೆ ಬಂದಾಗ ಟ್ಯಾಂಕಿನ ಅಡಿಯಿಂದ ಇಂಧನ ಹಿಡಿದು ನೋಡುವುದು ಹೇಗೆ ಅಂತ ಕೇಳಿ. ರಾತ್ರಿಯ ತೇವಕ್ಕೆ ಟ್ಯಾಂಕಿನಲ್ಲಿ ನೀರು ಕಟ್ಟಬಹುದು. ಅದು ತಳಕ್ಕೆ ಇಳಿಯುತ್ತದೆ. ಗಾಜಿನಂಥ ಪುಟ್ಟ ಲೋಟಕ್ಕೆ ಸ್ವಲ್ಪ ಹಿಡಿದು ಬೆಳಕಿಗೆ ಎತ್ತಿದರೆ ನೀರು ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ. ಲೋಟದ ತುಂಬ ನೀರೇ ಬಂದಿದ್ದರೆ? ಆಗ ನಡುವೆ ಗೆರೆಯೇ ಇರುವುದಿಲ್ಲ, ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಅದಕ್ಕೇ ಬಣ್ಣ ನೋಡಬೇಕು, ವಾಸನೆಯನ್ನೂ ನೋಡಬೇಕು. ಇಂಥ ವಿಮಾನಗಳ ಪೆಟ್ರೋಲ್‌ಗೆ ಸಾಮಾನ್ಯವಾಗಿ ತಿಳಿ ನೀಲಿ ಬಣ್ಣ ಹಾಕಿರುತ್ತಾರೆ. ಇದನ್ನೆಲ್ಲ ಅವಳು ನನಗಿಂತ ಚೆನ್ನಾಗಿ ಹೇಳುತ್ತಾಳೆ.

ಕೈತಪ್ಪಿದ ಆ ಸರದಿಗೆ ಅವಳನ್ನು ಬೈಯಬೇಡಿ. ಇನ್‌ಸ್ಟ್ರಕ್ಟರ್‌ಗೆ ನನ್ನದೂ ಒಂದು ನಮಸ್ಕಾರ ತಿಳಿಸಿ.

– ಸಂ.