ಚಾವಣಿಗೆ ಏರಿದ ಬಿಸಿ ಕೆಳಗಿಳಿಯಬೇಕಾದರೆ

ಪ್ರಶ್ನೆ: ಅಮೆರಿಕದ ಮಿನಿಯಾಪೊಲಿಸ್ ಬಳಿ ಹೊಸ ಮನೆಗೆ ಬಂದಿದ್ದೇವೆ. ಹಾಲ್ ಎರಡಂತಸ್ತಿನ ಎತ್ತರ, 5.5 ಮೀಟರ್. ಹೀಟಿಂಗ್ ಇದ್ದರೂ ಸೋಫಾದಲ್ಲಿ ಕೂತವರಿಗೆ ಕಾಲು ಕೊರೆಯುತ್ತದೆ, ಮೇಲಿನ ಬಾಲ್ಕನಿಯಲ್ಲಿ ಸೆಕೆ. ಚಳಿಗಾಲದಲ್ಲಿ ಫ್ಯಾನ್ ಹಾಕಿದರೆ ಇನ್ನೂ ಚಳಿಯಾಗದೇ? ಯಾವ ದಿಕ್ಕಿಗೆ ತಿರುಗಬೇಕು?

ಉತ್ತರ: ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಬೀಸುವ ಗಾಳಿ ಮೈಗೆ ತಾಗಿದಾಗ ಮೈಯ ಶಾಖ ಹೋಗುತ್ತದೆ, ಅದೇ ನಮಗೆ ಚಳಿ. ಆದ್ದರಿಂದ ಗಾಳಿ ಮೇಲೆ ಕೆಳಗೆ ಬೆರೆಯಬೇಕು, ಕೂತವರಿಗೆ ಮಾತ್ರ ತಾಗಬಾರದು. ಕೂತ ಜಾಗದಲ್ಲಿ ವೇಗ ಸೆಕೆಂಡಿಗೆ 0.2 ಮೀಟರ್ ದಾಟದಿದ್ದರೆ ಸಾಕು.

ಮೊದಲು ಅಳೆಯಿರಿ. ಎರಡು ಡಿಜಿಟಲ್ ಥರ್ಮಾಮೀಟರ್ ತಂದು ಅಕ್ಕಪಕ್ಕ ಇಟ್ಟು, ಎರಡೂ ಒಂದೇ ಅಂಕಿ ತೋರಿಸುತ್ತವೆಯೇ ನೋಡಿ. ಆಮೇಲೆ ಒಂದನ್ನು ನೆಲದಿಂದ 1.2 ಮೀಟರ್ ಎತ್ತರದಲ್ಲಿಡಿ. ಇನ್ನೊಂದನ್ನು ಉದ್ದನೆಯ ಕೋಲಿಗೆ ಕಟ್ಟಿ ಚಾವಣಿಯಿಂದ ಒಂದಡಿ ಕೆಳಗೆ ನಿಲ್ಲಿಸಿ. ಹೀಟರ್ ಒಂದು ಗಂಟೆ ಓಡಿದ ಮೇಲೆ ಓದಿಕೊಳ್ಳಿ. ಗನ್ನಿನಂತೆ ಗುರಿಯಿಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದಕ್ಕೆ ಆಗದು. ಅದು ಗೋಡೆಯ ಬಿಸಿ ಹೇಳುತ್ತದೆ, ಗಾಳಿಯದ್ದಲ್ಲ. ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆಯಿದ್ದರೆ ತೊಂದರೆ ಬೇರೆಲ್ಲೋ ಇದೆ: ಕಿಟಕಿಯ ಸಂದಿ ಅಥವಾ ಬಿಸಿಗಾಳಿ ಹರಿಯುವ ಕೊಳವೆ (ಡಕ್ಟ್) ನೋಡಿಸಿ. ನಾಲ್ಕೈದು ಡಿಗ್ರಿ ಇದ್ದರೆ ಫ್ಯಾನ್ ಖಂಡಿತ ಉಪಯೋಗಕ್ಕೆ ಬರುತ್ತದೆ.

ದಿಕ್ಕು: ಕೆಳಗಿನಿಂದ ನೋಡಿದಾಗ ಅಲ್ಲಿನ ಫ್ಯಾನ್ ಗಡಿಯಾರದ ಮುಳ್ಳಿನಂತೆ ತಿರುಗಿದರೆ ಸಾಮಾನ್ಯವಾಗಿ ಗಾಳಿ ಮೇಲಕ್ಕೆ ಹೋಗಿ, ಗೋಡೆಗುಂಟ ಕೆಳಗಿಳಿಯುತ್ತದೆ. ಮೊದಲು ಇದನ್ನೇ ಅತಿ ಕಡಿಮೆ ವೇಗದಲ್ಲಿ ಮುಕ್ಕಾಲು ಗಂಟೆ ಓಡಿಸಿ. ಮೇಲೆ ಕೆಳಗಿನ ವ್ಯತ್ಯಾಸ ಎರಡು ಡಿಗ್ರಿಯೊಳಗೆ ಬರದಿದ್ದರೆ, ನಿಮ್ಮಷ್ಟು ಎತ್ತರದ ಹಾಲ್‌ನಲ್ಲಿ ದಿಕ್ಕು ಬದಲಿಸಿ ಇಳಿಗಾಳಿಯನ್ನೇ ನಿಧಾನವಾಗಿ ಬಿಡುವುದು ಮೇಲು. ಟಿಶ್ಯೂ ಪೇಪರಿನ ಒಂದಡಿ ಪಟ್ಟಿಯನ್ನು ಸೋಫಾದ ಮೇಲೆ ತಲೆಯ ಎತ್ತರಕ್ಕೆ ತೂಗುಬಿಡಿ. ಅದು ನೆಟ್ಟಗೆ ಇಳಿಬಿದ್ದಿರಬೇಕು. ಓಲಾಡಿದರೆ ವೇಗ ಹೆಚ್ಚಾಯಿತು. ದಿಕ್ಕಿನ ಸ್ವಿಚ್ಚನ್ನು ರೆಕ್ಕೆ ಪೂರ್ತಿ ನಿಂತ ಮೇಲೆಯೇ ಬದಲಿಸಿ.

ಕೋಣೆಯ ಬಿಸಿ ನೋಡಿ ಫರ್ನೇಸನ್ನು (ಮನೆ ಬಿಸಿಮಾಡುವ ಯಂತ್ರ) ನಿಯಂತ್ರಿಸುವ ಥರ್ಮೋಸ್ಟಾಟ್ ಬಾಲ್ಕನಿಯ ಗೋಡೆಯಲ್ಲಿದೆಯೇ ನೋಡಿ. ಇದ್ದರೆ ಮೇಲಿನ ಸೆಕೆ ಕಂಡು ಅದು ಫರ್ನೇಸನ್ನು ಬೇಗ ನಿಲ್ಲಿಸುತ್ತದೆ, ಕೆಳಗೆ ನೀವು ನಡುಗುತ್ತೀರಿ. ಅದನ್ನು ಕೆಳಗೆ ತರುವ ಖರ್ಚು ಫ್ಯಾನಿಗಿಂತ ಮೊದಲು ಮಾಡಬೇಕಾದದ್ದು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನಮ್ಮ ದಿನಸಿ ಗೋದಾಮು 9 ಮೀಟರ್ ಎತ್ತರ. ಗ್ಯಾಸ್ ಹೀಟರ್‌ಗಳು ಚಾವಣಿಯಿಂದ ತೂಗುತ್ತಿವೆ. ಒಂದು ದೊಡ್ಡ ಫ್ಯಾನ್ ಸಾಕೇ?

ಉತ್ತರ: ನೆಲ ಖಾಲಿಯಿದ್ದರೆ ಆರೇಳು ಮೀಟರ್ ಅಗಲದ ಒಂದು ನಿಧಾನಗತಿಯ ಫ್ಯಾನ್ ಒಳ್ಳೆಯ ಆಯ್ಕೆ, ಚಳಿಗಾಲದಲ್ಲಿ ಪೂರ್ಣ ವೇಗದ ಕಾಲುಭಾಗದಿಂದ ಶುರುಮಾಡಿ. ಅಕ್ಕಿ ಮೂಟೆಯ ರ‍್ಯಾಕ್‌ಗಳು ಚಾವಣಿವರೆಗೆ ಇದ್ದರೆ ಅವು ಗಾಳಿಗೆ ಗೋಡೆಯಾಗುತ್ತವೆ. ಆಗ ಸಾಲುಗಳ ನಡುವಿನ ದಾರಿಯ ಮೇಲೆ, ನೇರ ಕೆಳಕ್ಕೆ ಊದುವ ಕೊಳವೆಯಾಕಾರದ ಸಣ್ಣ ಫ್ಯಾನ್‌ಗಳು ಬೇಕು.

ಬೆಂಕಿ ಬಿದ್ದರೆ ಚಾವಣಿಯಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ವಿಷಯದಲ್ಲಿ ರಾಜಿ ಬೇಡ. ಎನ್‌ಎಫ್‌ಪಿಎ 13ರ (ಅಮೆರಿಕದ ಸ್ಪ್ರಿಂಕ್ಲರ್ ಅಳವಡಿಕೆಯ ಮಾನದಂಡ) ಪ್ರಕಾರ ದೊಡ್ಡ ಫ್ಯಾನಿನ ವ್ಯಾಸ 24 ಅಡಿ ಮೀರಬಾರದು, ಅದು ನಾಲ್ಕು ಸ್ಪ್ರಿಂಕ್ಲರ್‌ಗಳ ಸರಿಸುಮಾರು ನಡುವೆ, ಅವುಗಳಿಂದ ಕನಿಷ್ಠ 3 ಅಡಿ ಕೆಳಗಿರಬೇಕು, ನೀರು ಹರಿದ ಸಂಕೇತ ಬಂದೊಡನೆ ತಾನೇ ನಿಲ್ಲಬೇಕು. ಫ್ಯಾನ್ ತಿರುಗುತ್ತಲೇ ಇದ್ದರೆ ಬೆಂಕಿಯ ಬಿಸಿ ಚದುರಿ ಸ್ಪ್ರಿಂಕ್ಲರ್ ತಡವಾಗಿ ತೆರೆದೀತು, ಬಿದ್ದ ನೀರೂ ಜಾಗ ತಪ್ಪೀತು. ಫ್ಯಾನಿನ ಗಾಳಿ ಹೀಟರಿನ ಹೊಗೆಯನ್ನು ಒಳಕ್ಕೆ ತಳ್ಳದಂತೆ ಚಿಮಣಿ ಪರೀಕ್ಷಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ.

ಪ್ರಶ್ನೆ: ಟೊರೊಂಟೊದ 20 ಮಹಡಿ ಕಟ್ಟಡ ನಮ್ಮದು. ಕೆಳಗಿನವರಿಗೆ ಚಳಿ, ಮೇಲಿನವರು ಕಿಟಕಿ ತೆರೆದು ಮಲಗುತ್ತಾರೆ. ಮೆಟ್ಟಿಲುಗಳು ಮೇಲೇರುವ ಜಾಗದಲ್ಲಿ ಫ್ಯಾನ್ ಇಟ್ಟು ಬಿಸಿ ಇಳಿಸಬಹುದೇ?

ಉತ್ತರ: ಆಗುವುದಿಲ್ಲ. ಒಂದು ಕೋಣೆಯೊಳಗಿನ ಬಿಸಿಯ ಪದರವನ್ನು ಫ್ಯಾನ್ ಕಲಕಬಲ್ಲದು. ನಿಮ್ಮಲ್ಲಿ ಇಡೀ ಕಟ್ಟಡವೇ ಚಿಮಣಿಯಾಗಿದೆ: ಬಿಸಿಗಾಳಿ ಮೇಲಿನಿಂದ ಹೊರಹೋಗುತ್ತದೆ, ಕೆಳಗಿನಿಂದ ಚಳಿಗಾಳಿ ಒಳಬರುತ್ತದೆ. ಹೊರಗೆ ಮೈನಸ್ 20, ಒಳಗೆ 21 ಡಿಗ್ರಿ ಇದ್ದಾಗ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 1.9 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಹುಟ್ಟುತ್ತದೆ. 20 ಮಹಡಿಯ ಸುಮಾರು 60 ಮೀಟರಿಗೆ 114 ಪ್ಯಾಸ್ಕಲ್. ಅದರ ಅರ್ಧ ಕೆಳಬಾಗಿಲ ಮೇಲೆ ಬಿತ್ತೆಂದರೂ ಎರಡು ಚದರ ಮೀಟರ್ ಬಾಗಿಲಿಗೆ ಹನ್ನೊಂದು ಹನ್ನೆರಡು ಕಿಲೋ ಭಾರ ಒರಗಿದಂತೆ. ಲಿಫ್ಟ್ ಬಾಗಿಲು ಮುಚ್ಚಲು ತಿಣುಕುವುದು, ಶಿಳ್ಳೆ ಹೊಡೆಯುವುದು ಇದರಿಂದಲೇ. ಮೇಲಿನ ಕಿಟಕಿ ತೆರೆದಷ್ಟೂ ಕೆಳಗೆ ಚಳಿಗಾಳಿ ಹೆಚ್ಚು ನುಗ್ಗುತ್ತದೆ.

ಮುಚ್ಚುತ್ತ ಬನ್ನಿ: ಲಾಬಿಗೆ ಎರಡು ಬಾಗಿಲ ನಡುಕೋಣೆ ಇಲ್ಲವೇ ತಿರುಗುಬಾಗಿಲು (ಅಮೆರಿಕದಲ್ಲಿ ಇದಕ್ಕೆ 1888ರಲ್ಲೇ ಪೇಟೆಂಟ್ ಸಿಕ್ಕಿತ್ತು), ಪಾರ್ಕಿಂಗ್ ಬಾಗಿಲಿಗೆ ರಬ್ಬರ್ ಪಟ್ಟಿ, ಪೈಪುಗಳು ಮಹಡಿ ದಾಟುವ ತೂತಿಗೆ ಬೆಂಕಿ ತಡೆಯುವ ಸೀಲಂಟ್. ಅದಾದ ಮೇಲೆ ಮೇಲ್ಮಹಡಿಯ ರೇಡಿಯೇಟರ್‌ಗಳಿಗೆ ಶಾಖ ಕಡಿಮೆ ಮಾಡಿಸಿ. ಮೆಟ್ಟಿಲಿನ ಬಾಗಿಲಿಗೆ ಕಲ್ಲು ಒತ್ತಿ ತೆರೆದಿಡುವ ಅಭ್ಯಾಸವಿದ್ದರೆ ಇಂದೇ ತೆಗೆಸಿ. ಬೆಂಕಿ ಬಿದ್ದರೆ ಹೊಗೆ ಅದೇ ದಾರಿ ಹಿಡಿಯುತ್ತದೆ.

ಪ್ರಶ್ನೆ: ಮಡಿಕೇರಿಯ ನಮ್ಮ ಹೆಂಚಿನ ಮನೆಯಲ್ಲಿ ಫ್ಯಾನನ್ನು ಹಿಮ್ಮುಖ ತಿರುಗಿಸಿದರೆ ಬೆಚ್ಚಗಾಗುತ್ತದೆಯೇ?

ಉತ್ತರ: ಹೀಟರ್ ಇಲ್ಲದಿದ್ದರೆ ಮೇಲೆ ಇಳಿಸುವಷ್ಟು ಬಿಸಿಯೇ ಇರುವುದಿಲ್ಲ. ಹೀಟರ್ ಇದ್ದರೂ ಬಿಸಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಫ್ಯಾನ್ ಹಿಮ್ಮುಖ ತಿರುಗಲೆಂದು ಅದರ ಕೆಪಾಸಿಟರ್ ವಯರ್ ಬದಲಿಸುವ ಸಾಹಸ ಬಿಟ್ಟು, ಹೆಂಚಿನ ಕೆಳಗೆ ಸಂದಿಯಿಲ್ಲದ ಹಲಗೆ ಮುಚ್ಚಿಗೆ ಮಾಡಿಸಿ.